ಎಳೆಯ ಆಟಗಾರರ ತಂಡವನ್ನು ಹಿಂಬಾಲಿಸುವುದು ಹೇಗೆ: ಬಾಲ್ಟಿಮೋರ್ ಓರಿಯೋಲ್ಸ್ ಅಭಿಮಾನಿಗಳಿಗೊಂದು ಕೈಪಿಡಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿಯೊಂದು ತಂಡವೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯಗಳನ್ನು ಆಡುತ್ತದೆ. ವಾರಕ್ಕೆ ಆರು ದಿನ ಆಟವಿರುವುದರಿಂದ ಎಷ್ಟೇ ಬಲಿಷ್ಠ ತಂಡವಾದರೂ ಹತ್ತು ಪಂದ್ಯಗಳಲ್ಲಿ ಮೂರು ನಾಲ್ಕನ್ನು ಸೋಲದೆ ಇರಲಾರದು. 2023ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ 101 ಪಂದ್ಯಗಳನ್ನು ಗೆದ್ದು ತನ್ನ ವಿಭಾಗದ ಅಗ್ರಸ್ಥಾನ ಪಡೆದಾಗಲೂ ಅದರ ಅಭಿಮಾನಿ 61 ಸಲ ಸೋಲು ಕಂಡು ಮಲಗಬೇಕಾಯಿತು. ಕ್ರಿಕೆಟ್ ನೋಡಿಕೊಂಡು ಬೆಳೆದ ನಮಗೆ ಮೊದಲು ಒಗ್ಗಬೇಕಾದದ್ದು ಈ ಲೆಕ್ಕ. ತಂಡದಲ್ಲಿ ಇಪ್ಪತ್ತು, ಇಪ್ಪತ್ತೆರಡರ ವಯಸ್ಸಿನ ಹುಡುಗರೇ ಹೆಚ್ಚಿದ್ದರೆ ಏರಿಳಿತ ಇನ್ನೂ ಕಡಿದಾಗುತ್ತದೆ, ಅದನ್ನು ತಾಳಿಕೊಳ್ಳುವುದಕ್ಕೆ ಬರಿಯ ಪ್ರೀತಿ ಸಾಲದೆ ಒಂದಿಷ್ಟು ಅಭ್ಯಾಸವೂ ಬೇಕಾಗುತ್ತದೆ.

ನಾನು ಮೇರಿಲ್ಯಾಂಡ್‌ನಲ್ಲಿ ನೆಲೆಸಿದ ಮೇಲೆ ಈ ತಂಡಕ್ಕೆ ಅಂಟಿಕೊಂಡವನು. ಆ ವರ್ಷಗಳ ಗೆಲುವಿನ ಸಂಖ್ಯೆಗಳನ್ನೇ ಸಾಲಾಗಿ ಬರೆದರೆ ನಾನು ಯಾವ ಬಗೆಯ ಏರಿಳಿತದ ಮಾತನಾಡುತ್ತಿದ್ದೇನೆಂಬುದು ತಿಳಿಯುತ್ತದೆ. 2018ರಲ್ಲಿ 47, 2019ರಲ್ಲಿ 54. ಸೋಂಕಿನಿಂದಾಗಿ ಮೊಟಕಾದ 2020ನ್ನು ಬಿಟ್ಟರೆ 2021ರಲ್ಲಿ 52, 2022ರಲ್ಲಿ 83, 2023ರಲ್ಲಿ 101, 2024ರಲ್ಲಿ 91, ಮತ್ತೆ 2025ರಲ್ಲಿ 75. ಕೆಳಗಿನಿಂದ ಮೇಲಕ್ಕೆ ಹೋಗಿ ಮತ್ತೆ ವಿಭಾಗದ ಕೊನೆಯ ಸ್ಥಾನಕ್ಕೆ ಬಂದ ಈ ಎಂಟು ವರ್ಷಗಳಲ್ಲಿ ನಾನು ಕಲಿತದ್ದು ಇಷ್ಟು: ಹುಡುಗರ ವಿಷಯದಲ್ಲಿ ತಾಳ್ಮೆಯಿರಬೇಕು, ತಂಡ ಕಟ್ಟುವವರ ವಿಷಯದಲ್ಲಿ ಕಟ್ಟುನಿಟ್ಟಿರಬೇಕು, ಇವೆರಡನ್ನೂ ಅದಲುಬದಲು ಮಾಡಿಕೊಳ್ಳಬಾರದು. ಮುಂದೆ ಹೇಳುವುದೆಲ್ಲ ಇದನ್ನು ದಿನದ ರೂಢಿಗೆ ತರುವ ಬಗೆ.

ಮೊದಲ ಕೆಲಸವೆಂದರೆ ಒಂದು ನೋಟುಪುಸ್ತಕ ಕೊಳ್ಳುವುದು. ನನಗೆ ಇದನ್ನು ಕಲಿಸಿದವರು ಒಬ್ಬ ಹಿರಿಯರು. 2021ರ ಆಗಸ್ಟ್‌ನಲ್ಲಿ ತಂಡ ಒಂದರ ಹಿಂದೆ ಒಂದರಂತೆ 19 ಪಂದ್ಯಗಳನ್ನು ಸೋತಿತು. ಆ ಸರಮಾಲೆಯ ನಡುವಿನ ಒಂದು ಸಂಜೆ ಕ್ಯಾಮ್ಡನ್ ಯಾರ್ಡ್ಸ್ ಕ್ರೀಡಾಂಗಣದಲ್ಲಿ ನನ್ನ ಸಾಲಿನಲ್ಲಿ ನಾವಿಬ್ಬರೇ ಕುಳಿತಿದ್ದೆವು. ಅವರ ಮಡಿಲಲ್ಲಿ ಸ್ಕೋರ್ ಪುಸ್ತಕ, ಕಿವಿಯ ಮೇಲೆ ಮೊಂಡು ಪೆನ್ಸಿಲ್. ಬೀಸಿ ತಪ್ಪಿದ ಅಥವಾ ಆಡಬೇಕಾಗಿದ್ದೂ ಬಿಟ್ಟ ಎಸೆತವೇ ಸ್ಟ್ರೈಕ್, ಮೂರಾದರೆ ಔಟ್; ಬ್ಯಾಟರ್ ಬ್ಯಾಟು ಬೀಸಿ ಮೂರನೆಯ ಸ್ಟ್ರೈಕ್‌ಗೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರವನ್ನು ನೇರವಾಗಿ, ಬೀಸದೆ ಸುಮ್ಮನೆ ನೋಡುತ್ತ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಿದ್ದರು. ಇಷ್ಟು ಸೋಲುವ ತಂಡಕ್ಕೆ ಇಷ್ಟೊಂದು ಶ್ರದ್ಧೆ ಏಕೆಂದು ಕೇಳಿದೆ. ಅವರು ಉತ್ತರಿಸದೆ ಪುಟವನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅದು ಸೆಡ್ರಿಕ್ ಮಲಿನ್ಸ್ ಅವರ ಸಾಲು. ತಂಡ 110 ಪಂದ್ಯಗಳನ್ನು ಸೋತ ಆ ವರ್ಷವೇ ಮಲಿನ್ಸ್ 30 ಹೋಮ್ ರನ್ (ನಾಲ್ಕೂ ಬೇಸ್ ಸುತ್ತಿಬರಲು ಬಿಡುವ, ಸಾಮಾನ್ಯವಾಗಿ ಗೋಡೆ ದಾಟುವ ಹೊಡೆತ) ಹೊಡೆದು, 30 ಬೇಸ್ ಕದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ), ಒಂದೇ ಸೀಸನ್‌ನಲ್ಲಿ ಎರಡನ್ನೂ ಸಾಧಿಸಿದ ಮೊದಲ ಓರಿಯೋಲ್ಸ್ ಆಟಗಾರರಾದರು. ಸ್ಕೋರ್‌ಬೋರ್ಡ್ ತೋರಿಸದ ಪಂದ್ಯವೊಂದು ಆ ಪುಸ್ತಕದೊಳಗೆ ನಡೆಯುತ್ತಿತ್ತು.

ನೋಟುಪುಸ್ತಕದಲ್ಲಿ ಇಡೀ ತಂಡವನ್ನು ಬರೆಯಲು ಹೋಗಬೇಡಿ, ಎರಡು ವಾರದಲ್ಲಿ ಬೇಸರವಾಗುತ್ತದೆ. ಒಂದು ಸೀಸನ್‌ಗೆ ಇಬ್ಬರು ಎಳೆಯ ಬ್ಯಾಟರ್‌ಗಳನ್ನೂ ಒಬ್ಬ ಪಿಚರ್‌ನನ್ನೂ, ಅಂದರೆ ಚೆಂಡು ಎಸೆಯುವವನನ್ನೂ, ಆರಿಸಿಕೊಳ್ಳಿ. ಬ್ಯಾಟರ್‌ನ ಪ್ರತಿ ಸರದಿಗೂ ನಾಲ್ಕು ಸಂಗತಿಗಳನ್ನು ಗುರುತಿಸಿಕೊಂಡರೆ ಸಾಕು: ಎಷ್ಟು ಎಸೆತಗಳನ್ನು ಎದುರಿಸಿದ, ಸ್ಟ್ರೈಕ್ ವಲಯದ (ಬ್ಯಾಟರ್ ಆಡಬೇಕಾದ ಎಸೆತಗಳ ಚೌಕಟ್ಟಿನ) ಹೊರಗೆ ಹೋಗುವ ಚೆಂಡಿಗೆ ಬ್ಯಾಟು ಬೀಸಿದನೇ, ಚೆಂಡು ಬ್ಯಾಟಿಗೆ ಗಟ್ಟಿಯಾಗಿ ತಾಗಿತೇ, ವಾಕ್ (ವಲಯದ ಹೊರಗಿನ ನಾಲ್ಕು ಎಸೆತಗಳನ್ನು ಬಿಟ್ಟದ್ದಕ್ಕೆ ಸಿಗುವ ಮೊದಲ ಬೇಸ್) ಪಡೆದನೇ. ಹೊಡೆದ ಚೆಂಡು ಫೀಲ್ಡರ್‌ನ ಕೈಗೆ ಹೋಯಿತೋ ಬಿಡುವಿನಲ್ಲಿ ಬಿತ್ತೋ ಎಂಬುದನ್ನು ನಾನು ಬೇಕೆಂದೇ ಕೊನೆಗೆ ಬರೆಯುತ್ತೇನೆ. ಮೈದಾನದೊಳಗೆ ಬೀಳುವ ಹೊಡೆತಗಳಲ್ಲಿ ಹತ್ತಕ್ಕೆ ಸುಮಾರು ಮೂರು ಮಾತ್ರ ಹಿಟ್, ಅಂದರೆ ಬ್ಯಾಟರ್‌ನನ್ನು ಔಟಾಗದೆ ಬೇಸ್ ಮುಟ್ಟಿಸುವ ಹೊಡೆತ, ಆಗುತ್ತವೆ, ಒಂದೆರಡು ವಾರಗಳ ಮಟ್ಟಿಗೆ ಅದರಲ್ಲಿ ಅದೃಷ್ಟದ ಪಾಲು ದೊಡ್ಡದು. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚಿನ ವೇಗದಲ್ಲಿ ಬ್ಯಾಟಿನಿಂದ ಹೊರಟ ಚೆಂಡನ್ನು ಗಟ್ಟಿ ಹೊಡೆತವೆಂದು ಲೆಕ್ಕ ಹಿಡಿಯುತ್ತಾರೆ. 2015ರಿಂದ ಎಲ್ಲ ಕ್ರೀಡಾಂಗಣಗಳಲ್ಲೂ ಈ ವೇಗವನ್ನು ಅಳೆಯುತ್ತಿರುವುದರಿಂದ ಅಂಕಿ ಯಾರಿಗೆ ಬೇಕಾದರೂ ಸಿಗುತ್ತದೆ.

ಈ ನಾಲ್ಕು ಸಂಗತಿಗಳೇ ಏಕೆ ಎಂಬುದಕ್ಕೆ ನನ್ನ ಪುಸ್ತಕದ ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 2023ರ ಮೊದಲ ತಿಂಗಳಲ್ಲಿ ಗನ್ನರ್ ಹೆಂಡರ್ಸನ್ ಅವರ ಬ್ಯಾಟಿಂಗ್ ಸರಾಸರಿ .200ನ್ನೂ ಮುಟ್ಟಿರಲಿಲ್ಲ, ಅಂದರೆ ಐದು ಸಲ ಬ್ಯಾಟು ಹಿಡಿದರೆ ಒಂದು ಹಿಟ್ ಕೂಡ ಬರುತ್ತಿರಲಿಲ್ಲ. ಕ್ರೀಡಾಂಗಣದ ಗೊಣಗಾಟ ನಮ್ಮ ಸಾಲಿನವರೆಗೂ ಕೇಳುತ್ತಿತ್ತು. ಆದರೆ ಅವರು ವಲಯದ ಹೊರಗಿನ ಚೆಂಡುಗಳನ್ನು ಬಿಡುತ್ತಿದ್ದರು, ಮೇಲಿಂದ ಮೇಲೆ ವಾಕ್ ಪಡೆಯುತ್ತಿದ್ದರು; ಪುಟದ ಮೂರನೆಯ ಅಂಕಣ ಖಾಲಿಯಿದ್ದರೂ ಎರಡನೆಯ ಅಂಕಣ ಶುದ್ಧವಾಗಿತ್ತು. ಕಣ್ಣು ಸರಿಯಿದ್ದ ಹುಡುಗನಿಗೆ ಕೈ ಕೂಡಿಬರುವುದು ಕಾಲದ ಮಾತು. ಅವರು ಆ ವರ್ಷವನ್ನು 28 ಹೋಮ್ ರನ್‌ಗಳೊಂದಿಗೆ ಮುಗಿಸಿ, ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿಯನ್ನು ಒಂದು ಮತವನ್ನೂ ಕಳೆದುಕೊಳ್ಳದೆ ಗೆದ್ದರು.

ಇನ್ನೊಂದು ಪುಟ 2024ರ ಏಪ್ರಿಲ್‌ನದು. 2022ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ) ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಾಕ್ಸನ್ ಹಾಲಿಡೇ ಇಪ್ಪತ್ತನೆಯ ವಯಸ್ಸಿನಲ್ಲಿ ಬಾಸ್ಟನ್‌ನಲ್ಲಿ ಮೊದಲ ಪಂದ್ಯ ಆಡಿದರು. ಹತ್ತು ಪಂದ್ಯಗಳಲ್ಲಿ 36 ಸಲ ಬ್ಯಾಟಿಂಗ್‌ಗೆ ಬಂದ ಅವರಿಗೆ ಸಿಕ್ಕಿದ್ದು ಎರಡು ಹಿಟ್, ಎರಡು ವಾಕ್. ಉಳಿದವುಗಳಲ್ಲಿ 18 ಸಲ ಸ್ಟ್ರೈಕ್‌ಔಟ್. ಸರಾಸರಿಯೊಂದನ್ನೇ ನೋಡಿದರೆ ಹೆಂಡರ್ಸನ್ ಕಥೆಯೇ ಮರುಕಳಿಸಿದಂತೆ ಕಾಣುತ್ತದೆ, ಪುಟ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು. ಎರಡು ಸರದಿಗೆ ಒಂದು ಸ್ಟ್ರೈಕ್‌ಔಟ್ ಆಗುತ್ತಿದ್ದರೆ ಅದು ಅದೃಷ್ಟದ ಕೊರತೆಯಲ್ಲ. ಆ ಮಟ್ಟದ ಎಸೆತಕ್ಕೆ ಹುಡುಗ ಇನ್ನೂ ಅಣಿಯಾಗಿಲ್ಲವೆಂದೇ ಅರ್ಥ. ಏಪ್ರಿಲ್ 26ರಂದು ಅವರನ್ನು ಆಟಗಾರರು ಪಳಗುವ ಕೆಳಹಂತದ ಮೈನರ್ ಲೀಗ್‌ಗೆ, ನಾರ್ಫಾಕ್ ತಂಡಕ್ಕೆ, ಮರಳಿ ಕಳುಹಿಸಿದಾಗ ಅದನ್ನು ಅವಮಾನವೆಂದು ಕರೆದವರೊಡನೆ ನಾನು ವಾದಿಸಿದ್ದೇನೆ. ಜುಲೈ 31ರಂದು ಹಿಂದಿರುಗಿದ ದಿನವೇ ಅವರು ಟೊರಾಂಟೊ ವಿರುದ್ಧ ಬೇಸ್‌ಗಳೆಲ್ಲ ತುಂಬಿದ್ದಾಗ ಹೊಡೆದ ಚೆಂಡು ಬಲಬದಿಯ ಗೋಡೆಯನ್ನು ದಾಟಿ ಯೂಟಾ ಬೀದಿಯ ಮೇಲೆ ಬಿತ್ತು. ಅದು ಅವರ ಮೊದಲ ಹೋಮ್ ರನ್. ಅಲ್ಲಿಂದ ಮುಂದೆಯೂ ಅವರ ಹಾದಿ ಸಲೀಸಾಗಿರಲಿಲ್ಲ, ಆದ್ದರಿಂದ ಅದೊಂದು ಹೊಡೆತವನ್ನು ಹಿಡಿದುಕೊಂಡು ಹುಡುಗ ಗೆದ್ದನೆಂದು ಪುಟ ಮುಚ್ಚಿಬಿಡುವುದೂ ತಪ್ಪೇ.

ಒಂದು ಪುಟದಿಂದ ತೀರ್ಪು ಕೊಡಬೇಡಿ ಎನ್ನುವುದಕ್ಕೆ ಈ ಊರಿನಲ್ಲೇ ದೊಡ್ಡ ಸಾಕ್ಷಿಯಿದೆ. ಸತತ 2,632 ಪಂದ್ಯಗಳನ್ನಾಡಿ ದಾಖಲೆ ಬರೆದ ಕ್ಯಾಲ್ ರಿಪ್ಕನ್ ಜೂನಿಯರ್ 1981ರಲ್ಲಿ ತಂಡಕ್ಕೆ ಬಂದಾಗ 39 ಪ್ರಯತ್ನಗಳಲ್ಲಿ ಐದು ಹಿಟ್ ಮಾತ್ರ ಗಳಿಸಿದ್ದರು. ಮರುವರ್ಷ ವರ್ಷದ ಹೊಸ ಆಟಗಾರ, ಅದರ ಮರುವರ್ಷ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ. ಮುಂದೆ ತಮ್ಮ ಪೀಳಿಗೆಯ ಅತ್ಯುತ್ತಮರಲ್ಲಿ ಒಬ್ಬರೆನಿಸಿದ ಮೈಕ್ ಟ್ರೌಟ್ ಕೂಡ 2011ರ ತಮ್ಮ ಮೊದಲ 40 ಪಂದ್ಯಗಳಲ್ಲಿ .220 ಸರಾಸರಿ ದಾಟಲಿಲ್ಲ. ನಾನು ಇಟ್ಟುಕೊಂಡಿರುವ ನಿಯಮ ಸರಳವಾದದ್ದು: ಹೊಸ ಬ್ಯಾಟರ್‌ನ ಬಗ್ಗೆ ಐನೂರು ಸರದಿಗಳವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ಪೂರ್ಣ ಸೀಸನ್‌ವರೆಗೆ, ಗಟ್ಟಿ ಮಾತು ಆಡುವುದಿಲ್ಲ.

ಪಿಚರ್‌ಗಳ ಲೆಕ್ಕವೇ ಬೇರೆ. ಅಲ್ಲಿ ಮೊದಲು ಎಣಿಸಬೇಕಾದದ್ದು ಮೊಣಕೈ. 2021ರ ಮೇ 5ರಂದು ಸಿಯಾಟಲ್‌ನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ ಜಾನ್ ಮೀನ್ಸ್ ಮರುವರ್ಷವೇ ಮೊಣಕೈಯ ಅಸ್ಥಿರಜ್ಜು ಶಸ್ತ್ರಚಿಕಿತ್ಸೆಗೆ ಒಳಗಾದರು. ಇದನ್ನು ಮೊದಲು ಮಾಡಿಸಿಕೊಂಡ ಪಿಚರ್‌ನ ಹೆಸರಿನಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ, ಮರಳಿ ಬರಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಬಳಿಕ 2023ರಲ್ಲಿ ಪಂದ್ಯದ ಕೊನೆಯ ಇನಿಂಗ್ಸ್ ಕಾಯುತ್ತಿದ್ದ ಫೆಲಿಕ್ಸ್ ಬೌಟಿಸ್ಟಾ, 2024ರಲ್ಲಿ ಕೈಲ್ ಬ್ರಾಡಿಶ್. ಎಳೆಯ ಪಿಚರ್‌ನ ಮೇಲೆ ನಿರೀಕ್ಷೆಯಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಐವರನ್ನು ನಂಬಿ ತಂಡ ಹೊರಟರೆ ಒಬ್ಬಿಬ್ಬರು ಇರುವುದಿಲ್ಲವೆಂದು ಏಪ್ರಿಲ್‌ನಲ್ಲೇ ಮನಸ್ಸಿನಲ್ಲಿ ಕಳೆದುಬಿಡಿ. ಪ್ರತಿ ಪಂದ್ಯದಲ್ಲೂ ಎಷ್ಟು ಎಸೆತ ಹಾಕಿದರು, ಮೊದಲ ಇನಿಂಗ್ಸ್‌ನ ವೇಗ ಐದನೆಯ ಇನಿಂಗ್ಸ್‌ನಲ್ಲೂ ಉಳಿದಿದೆಯೇ ಎಂಬುದನ್ನು ಬರೆದುಕೊಳ್ಳಿ. ಎರಡು ಪಂದ್ಯಗಳಲ್ಲಿ ವೇಗ ಇಳಿದರೆ ಸ್ಕೋರಿಗಿಂತ ಅದು ದೊಡ್ಡ ಸುದ್ದಿ.

ಎರಡನೆಯ ಕೆಲಸ, ಮೈನರ್ ಲೀಗ್ ಪಂದ್ಯಗಳಿಗೆ ಹೋಗುವುದು. ಓರಿಯೋಲ್ಸ್ ಬಳಗದ ಅತ್ಯುನ್ನತ ಮೈನರ್ ತಂಡ ವರ್ಜೀನಿಯದ ನಾರ್ಫಾಕ್‌ನಲ್ಲಿದೆ. ಅದರ ಕೆಳಗಿನ ತಂಡ ಮೇರಿಲ್ಯಾಂಡ್‌ನ ಬೋವಿಯಲ್ಲಿ, ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಕೆಲಸ ಮುಗಿಸಿ ಸಂಜೆ ಹೋಗಿಬರುವಷ್ಟು ಹತ್ತಿರ. ಟಿಕೆಟ್ ಅಗ್ಗ, ಕಾರು ನಿಲ್ಲಿಸಲು ಪರದಾಟವಿಲ್ಲ, ಡಗ್‌ಔಟ್‌ನ ಹಿಂದಿನ ಮೂರನೆಯ ಸಾಲಿನಲ್ಲಿ ಕುಳಿತರೆ ತಪ್ಪು ಚೆಂಡಿಗೆ ಬೀಸಿ ಬಂದ ಹುಡುಗ ಹೆಲ್ಮೆಟ್ ಇಡುವ ಮೊದಲು ಕೋಚ್ ಬಳಿ ಏನು ಕೇಳುತ್ತಾನೆಂಬುದು ಕೂಡ ಕೇಳಿಸುತ್ತದೆ. ನನ್ನ ಮಗಳು ಬೇಸ್‌ಬಾಲ್ ಕಲಿತದ್ದು ಅಲ್ಲಿ, ಬೇಲಿಗೆ ಮೂಗು ಒತ್ತಿಕೊಂಡು, ಪಿಚರ್‌ಗಳು ಕೈ ಪಳಗಿಸಿಕೊಳ್ಳುವ ಬುಲ್‌ಪೆನ್‌ನಲ್ಲಿ ಕ್ಯಾಚರ್‌ನ ಗ್ಲೌಸ್‌ಗೆ ಚೆಂಡು ಬಡಿಯುವ ಸದ್ದು ಕೇಳುತ್ತ. ಒಬ್ಬ ಆಟಗಾರನನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಗೆ ನೋಡಿದವರು ಇಪ್ಪತ್ತೆರಡರಲ್ಲಿ ಅವನು ತಡವರಿಸಿದಾಗ ಅಷ್ಟು ಬೇಗ ಕೂಗಾಡುವುದಿಲ್ಲ.

ಊರಿನಲ್ಲಿ ಕುಳಿತು ಹಿಂಬಾಲಿಸುವವರಿಗೆ ಸಮಯದ ತೊಡಕಿದೆ. ಬಾಲ್ಟಿಮೋರ್‌ನ ಸಂಜೆ 6:35ರ ಪಂದ್ಯ ಕರ್ನಾಟಕದಲ್ಲಿ ಮುಂಜಾನೆ 4:05ಕ್ಕೆ ಆರಂಭವಾಗುತ್ತದೆ, ಭಾನುವಾರದ ಮಧ್ಯಾಹ್ನ 1:35ರ ಪಂದ್ಯ ರಾತ್ರಿ 11:05ಕ್ಕೆ. ವಾರದ ಪಂದ್ಯಗಳಿಗೆ ಹತ್ತು ಹದಿನೈದು ನಿಮಿಷದ ಸಂಕ್ಷಿಪ್ತ ರೂಪವನ್ನು ಬೆಳಿಗ್ಗೆ ಕಾಫಿಯ ಜೊತೆ ನೋಡಿ, ಭಾನುವಾರದ್ದನ್ನು ಪೂರ್ತಿಯಾಗಿ ನೋಡಿ.

ಇನ್ನು ಕಾಗದಪತ್ರದ ವಿಷಯ. ಇದು ತಿಳಿಯದಿದ್ದರೆ ಅಭಿಮಾನಿ ಸಿಟ್ಟಾಗಬೇಕಾದಲ್ಲಿ ಸುಮ್ಮನಿದ್ದು, ಸುಮ್ಮನಿರಬೇಕಾದಲ್ಲಿ ಸಿಟ್ಟಾಗುತ್ತಾನೆ. ಆಟಗಾರನೊಬ್ಬ ಮೇಜರ್ ಲೀಗ್‌ನಲ್ಲಿ ಆರು ವರ್ಷ ಪೂರೈಸುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು, ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯಲ್ಲಿ ನಿಗದಿಯಾಗುವ ಸಂಬಳ, ಅನಂತರವೇ ಸ್ವಾತಂತ್ರ್ಯ. 172 ದಿನ ತಂಡದಲ್ಲಿದ್ದರೆ ಒಂದು ವರ್ಷ ಎಂದು ಎಣಿಕೆ. ಶಿಕಾಗೊ ಕಬ್ಸ್ ತಂಡದ ಕ್ರಿಸ್ ಬ್ರಯಂಟ್ 2015ರಲ್ಲಿ 171 ದಿನ ಮಾತ್ರ ತಂಡದಲ್ಲಿದ್ದುದರಿಂದ ತಂಡಕ್ಕೆ ಅವರ ಮೇಲೆ ಇನ್ನೊಂದು ವರ್ಷದ ಹಿಡಿತ ಸಿಕ್ಕಿತು. ಅವರು ಸಲ್ಲಿಸಿದ ದೂರು 2020ರಲ್ಲಿ ಬಿದ್ದುಹೋಯಿತು. ಮೆಚ್ಚಿನ ಹುಡುಗನನ್ನು ಏಪ್ರಿಲ್ ಮಧ್ಯದವರೆಗೆ ಕೆಳಗೇ ಇರಿಸಿಕೊಂಡು ಅವನ ಫೀಲ್ಡಿಂಗ್ ಇನ್ನೂ ಮಾಗಬೇಕು ಎಂದು ತಂಡ ಹೇಳಿದರೆ ಕ್ಯಾಲೆಂಡರ್ ತೆಗೆದು ದಿನಗಳನ್ನು ಎಣಿಸಿ ನೋಡುವುದು ಅಭಿಮಾನಿಯ ಹಕ್ಕು.

ಟ್ರೇಡ್‌ಗಳನ್ನು, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯವನ್ನು, ಎದುರಿಸುವುದು ಎಲ್ಲಕ್ಕಿಂತ ಕಷ್ಟದ ಪಾಠ. ಟ್ರೇ ಮ್ಯಾನ್ಸಿನಿ ಕರುಳಿನ ಕ್ಯಾನ್ಸರ್ ಚಿಕಿತ್ಸೆಗಾಗಿ 2020ನ್ನು ಪೂರ್ತಿ ಕಳೆದುಕೊಂಡು 2021ರಲ್ಲಿ ಹಿಂದಿರುಗಿದವರು, ಸೋಲಿನ ವರ್ಷಗಳಲ್ಲೆಲ್ಲ ನಮ್ಮೊಡನಿದ್ದವರು. 2022ರ ಜುಲೈ 28ರಂದು ಅವರು ಹೊಡೆದ ಚೆಂಡು ಬಿಸಿಲಿನಲ್ಲಿ ಫೀಲ್ಡರ್‌ನ ಕಣ್ಣು ತಪ್ಪಿಸಿ ಮುಖಕ್ಕೆ ತಾಗಿ ಉರುಳಿಹೋಯಿತು, ಅವರು ನಾಲ್ಕೂ ಬೇಸ್ ಓಡಿ ಮುಗಿಸಿದರು. ಅದು ಕ್ಯಾಮ್ಡನ್ ಯಾರ್ಡ್ಸ್‌ನಲ್ಲಿ ಓರಿಯೋಲ್ಸ್ ಪರ ಅವರ ಕೊನೆಯ ಸರದಿಯಾಯಿತು. ತಂಡ ವರ್ಷಗಳ ನಂತರ ಪ್ಲೇಆಫ್‌ನ ಸನಿಹದಲ್ಲಿದ್ದಾಗಲೇ ಆಗಸ್ಟ್ 1ರಂದು ಅವರನ್ನು ಹ್ಯೂಸ್ಟನ್‌ಗೆ ಕೊಟ್ಟು ಎಳೆಯ ಪಿಚರ್‌ಗಳನ್ನು ಪಡೆದರು. ಮುಂದಿನ ವರ್ಷದ 101 ಗೆಲುವುಗಳನ್ನು ತೋರಿಸಿ ಅದು ಸರಿಯಾದ ನಿರ್ಧಾರವೆಂದು ಹೇಳುವವರಿದ್ದಾರೆ. ನನಗೆ ಇಂದಿಗೂ ಒಪ್ಪಿಗೆಯಿಲ್ಲ, ಏಕೆಂದರೆ ಗೆಲುವಿನ ಹೊಸ್ತಿಲಲ್ಲಿರುವ ಹುಡುಗರ ನಡುವಿನಿಂದ ಅವರ ಹಿರಿಯಣ್ಣನಂಥವರನ್ನು ಎಬ್ಬಿಸಿ ಕಳುಹಿಸುವುದರ ಬೆಲೆ ಯಾವ ಲೆಕ್ಕಪಟ್ಟಿಯಲ್ಲೂ ಬರುವುದಿಲ್ಲ. ಟ್ರೇಡ್ ನಡೆದ ದಿನ ನಿಮ್ಮ ಅಭಿಪ್ರಾಯವನ್ನು ದಿನಾಂಕದೊಂದಿಗೆ ಬರೆದಿಡಿ, ಮೂರು ವರ್ಷ ಬಿಟ್ಟು ತೆರೆದು ನೋಡಿ. ಬಾಲ್ಟಿಮೋರ್‌ನಲ್ಲಿ ಒಂಬತ್ತು ಇನಿಂಗ್ಸ್‌ಗೆ 5.46ರ ಸರಾಸರಿಯಲ್ಲಿ ರನ್ ಕೊಟ್ಟು ಬೇಸರ ತರಿಸಿದ್ದ ಜೇಕ್ ಅರಿಯೆಟಾ 2013ರಲ್ಲಿ ಶಿಕಾಗೊಗೆ ಹೋಗಿ 2015ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಹುಡುಗನಲ್ಲಿ ಕೊರತೆಯಿದೆಯೋ ಅವನಿಗೆ ಕಲಿಸುವವರಲ್ಲಿ ಕೊರತೆಯಿದೆಯೋ ಎಂಬ ಪ್ರಶ್ನೆಯನ್ನು ಆ ಹೆಸರು ಕೇಳಿದಾಗಲೆಲ್ಲ ಕೇಳಿಕೊಳ್ಳುತ್ತೇನೆ.

ಕಟ್ಟುನಿಟ್ಟು ಎಂದೆನಲ್ಲ, ಅದರ ಜಾಗ ಇದು. 2018ರ ಕೊನೆಯಲ್ಲಿ ಹ್ಯೂಸ್ಟನ್‌ನಿಂದ ಬಂದ ಮೈಕ್ ಇಲಯಸ್ ಅವರ ಆಡಳಿತ ಡ್ರಾಫ್ಟ್‌ನ ಮೇಲಿನ ಆಯ್ಕೆಗಳನ್ನು ಬ್ಯಾಟರ್‌ಗಳ ಮೇಲೆ ಹೂಡಿತು: ಆಡ್ಲಿ ರಚ್‌ಮನ್, ಹೆಂಡರ್ಸನ್, ಜೋರ್ಡನ್ ವೆಸ್ಟ್‌ಬರ್ಗ್, ಹಾಲಿಡೇ. ಬೆಳೆ ಬಂತು. ಆದರೆ 2023ರಲ್ಲಿ ಟೆಕ್ಸಸ್ ಎದುರು ಮೂರಕ್ಕೆ ಮೂರು, 2024ರಲ್ಲಿ ಕ್ಯಾನ್ಸಸ್ ಸಿಟಿ ಎದುರು ಎರಡಕ್ಕೆ ಎರಡು ಪ್ಲೇಆಫ್ ಪಂದ್ಯಗಳನ್ನು ಸೋತರು. 2024ರ ಆ ಎರಡು ಪಂದ್ಯಗಳಲ್ಲಿ ಬಂದದ್ದು ಒಟ್ಟು ಒಂದೇ ರನ್. ಆ ವರ್ಷ ಒಂದು ಸೀಸನ್‌ಗೆಂದು ಕರೆತಂದಿದ್ದ ಕಾರ್ಬಿನ್ ಬರ್ನ್ಸ್ ಹೊರಟುಹೋದ ಮೇಲೆ ಅವರ ಮಟ್ಟದ ಪಿಚರ್‌ನನ್ನು ತರದೆ 2025ಕ್ಕೆ ಇಳಿದದ್ದು ಹುಡುಗರ ತಪ್ಪಲ್ಲ. 15 ಗೆಲುವು, 28 ಸೋಲಾದಾಗ ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಕೆಲಸ ಕಳೆದುಕೊಂಡರು. ತಂಡದ ಕಚೇರಿಗೆ ಪತ್ರ ಬರೆಯುವುದಿದ್ದರೆ ಇಂಥ ವಿಷಯಕ್ಕೆ ಬರೆಯಿರಿ, ಹೆಸರು ಹಿಡಿದು ಪ್ರಶ್ನೆ ಕೇಳಿ. ಇಪ್ಪತ್ತೊಂದರ ಹುಡುಗ ಡಗ್‌ಔಟ್‌ಗೆ ತಲೆ ತಗ್ಗಿಸಿ ನಡೆಯುವಾಗ ಅವನತ್ತ ಕೂಗಬೇಡಿ. 2020ರ ಎರಡನೆಯ ಆಯ್ಕೆಯಾದ ಹೆಸ್ಟನ್ ಕೆರ್‌ಸ್ಟಾಡ್ ಹೃದಯದ ಸ್ನಾಯುವಿನ ಉರಿಯೂತದಿಂದ 2021ನ್ನು ಕಳೆದುಕೊಂಡರು, 2024ರಲ್ಲಿ ಎಸೆತ ತಲೆಗೆ ಬಡಿದು ಮತ್ತೆ ಹೊರಗುಳಿದರು. ಅವರ ಸರಾಸರಿಯ ಬಗ್ಗೆ ಹಗುರವಾಗಿ ಮಾತಾಡುವವರ ಪಕ್ಕದಲ್ಲಿ ನಾನು ಕೂರುವುದಿಲ್ಲ.

ಕೆಟ್ಟ ವರ್ಷಗಳಲ್ಲಿ ಕ್ರೀಡಾಂಗಣಕ್ಕೆ ಹೋಗುವುದನ್ನು ಬಿಡಬೇಡಿ. 1988ರಲ್ಲಿ ಈ ತಂಡ ಸೀಸನ್‌ನ ಮೊದಲ 21 ಪಂದ್ಯಗಳನ್ನೂ ಸೋತಿತ್ತು. ಮೇ 2ರಂದು, ಒಂದೇ ಒಂದು ಗೆಲುವಿನೊಂದಿಗೆ ಊರಿಗೆ ಮರಳಿದ ಆಟಗಾರರನ್ನು ಎದುರುಗೊಳ್ಳಲು ಅಂದಿನ ಮೆಮೋರಿಯಲ್ ಕ್ರೀಡಾಂಗಣದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಮರುವರ್ಷ ಹೆಚ್ಚಾಗಿ ಎಳೆಯರೇ ಇದ್ದ ತಂಡ 87 ಪಂದ್ಯಗಳನ್ನು ಗೆದ್ದು ಟೊರಾಂಟೊಗಿಂತ ಎರಡೇ ಪಂದ್ಯ ಹಿಂದುಳಿಯಿತು. ರಚ್‌ಮನ್ 2022ರ ಮೇ 21ರಂದು ಮೊದಲ ಸಲ ಕ್ಯಾಚರ್ ಆಗಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನ ಹಿಂದೆ ನಿಂತು ಸುತ್ತಲಿನ ಗ್ಯಾಲರಿಗಳನ್ನು ಕಣ್ತುಂಬ ನೋಡಿದಾಗ ನಾವೆಲ್ಲ ಎದ್ದು ನಿಂತಿದ್ದೆವು. ಆ ಪಂದ್ಯವನ್ನು ತಂಡ ಸೋತಿತು. ಅವರು ಬರುವ ಮೊದಲು 16 ಗೆಲುವು, 24 ಸೋಲು ಇದ್ದ ತಂಡ ಅಂದಿನಿಂದ ವರ್ಷದ ಕೊನೆಯವರೆಗೆ 67 ಗೆದ್ದು 55 ಸೋತಿತು.

ಸೆಪ್ಟೆಂಬರ್ ಪಂದ್ಯಗಳನ್ನಂತೂ ತಪ್ಪಿಸಬೇಡಿ. ಆ ತಿಂಗಳು ತಂಡದ ಬಲ 26ರಿಂದ 28ಕ್ಕೆ ಏರುವುದರಿಂದ ಹೊಸಬರಿಗೆ ಅವಕಾಶ ಸಿಗುತ್ತದೆ, ಗೆಲ್ಲಲೇಬೇಕಾದ ಒತ್ತಡವಿಲ್ಲದ ತಂಡ ಅವರನ್ನು ದಿನವೂ ಆಡಿಸುತ್ತದೆ. 2025ರ ಸೆಪ್ಟೆಂಬರ್ 6ರಂದು ಕೊನೆಯ ಸ್ಥಾನದಲ್ಲಿದ್ದ ಓರಿಯೋಲ್ಸ್, ಲಾಸ್ ಏಂಜಲೀಸ್ ಡಾಜರ್ಸ್‌ನ ಯೊಶಿನೊಬು ಯಮಾಮೊಟೊ ಎದುರು ಒಂಬತ್ತನೆಯ ಇನಿಂಗ್ಸ್‌ನಲ್ಲಿ ಇಬ್ಬರು ಔಟಾಗುವವರೆಗೂ ಒಂದೇ ಒಂದು ಹಿಟ್ ಗಳಿಸಿರಲಿಲ್ಲ. ಮುಂದೆ ನಿಂತಿದ್ದ ಎದುರಾಳಿ ಅಭಿಮಾನಿಗಳು ಫೋನ್ ಎತ್ತಿ ಹಿಡಿದು ಚರಿತ್ರೆಯನ್ನು ಚಿತ್ರೀಕರಿಸಲು ಕಾಯುತ್ತಿದ್ದರು, ನಮ್ಮವರಲ್ಲಿ ಹಲವರು ಮೆಟ್ಟಿಲು ಹತ್ತುತ್ತಿದ್ದರು. ಆಗ ಬ್ಯಾಟಿಂಗ್‌ಗೆ ಬಂದವರು ಹಾಲಿಡೇ. ಚೆಂಡು ಬಲಬದಿಯ ಗೋಡೆಯನ್ನು ಅಂಚಿನಲ್ಲಿ ದಾಟಿತು. ಬಳಿಕ ಒಂದು ಡಬಲ್, ಮೈಗೆ ತಾಗಿದ ಒಂದು ಎಸೆತ, ಎರಡು ವಾಕ್, ಎಮ್ಯಾನುಯಲ್ ರಿವೆರಾ ಅವರ ಒಂದು ಸಿಂಗಲ್, ನಾಲ್ಕಕ್ಕೆ ಮೂರರಿಂದ ನಮಗೆ ಗೆಲುವು. ಮೆಟ್ಟಿಲ ಮೇಲಿದ್ದವರು ಅಲ್ಲಲ್ಲೇ ನಿಂತು ಅಪರಿಚಿತರನ್ನು ತಬ್ಬಿಕೊಳ್ಳುತ್ತಿದ್ದರೆ, ನನ್ನ ಮಗಳು ಪೆನ್ಸಿಲ್ ಕಸಿದುಕೊಂಡು ಹಾಲಿಡೇ ಸಾಲಿನಲ್ಲಿ, ಎರಡು ವರ್ಷಗಳಿಂದ ನಾವು ಬರೆಯುತ್ತ ಬಂದ ಅದೇ ನಾಲ್ಕು ಅಂಕಣಗಳಲ್ಲಿ, ಆ ಸರದಿಯನ್ನು ತುಂಬುತ್ತಿದ್ದಳು.